ಅಡ್ಡಗೋಡೆಗೆ ಒಂದು ಬಾಗಿಲು

ಬಿಳಿಗೆರೆ
೧೪-೨-೧೯೮೨, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಮರುಳಸಿದ್ದನ ಶರಣು. ಮೂರು ವರ್ಷದ ಮೇಲೆ ಇವನ ಅಕ್ಷರ ಕಂಡಿತಲ್ಲ ಎಂದು ಸಿಟ್ಟಿನಲ್ಲಿ ಕಾಗದವನ್ನು ಒಲೆಗೆ ಹಾಕಬೇಡ. ಓದಲು ಮನಸ್ಸಿಲ್ಲದಿದ್ದರೆ ಅತ್ತಿಗೆಯ ಕೈಗೆ ಕೊಡು, ಅವರು ಗಟ್ಟಿಯಾಗಿ ಓದಲಿ, ನೀನು ಕೇಳಿಸದವನ ಹಾಗೆ ಕೂತು ಕೇಳಿಸಿಕೋ. ನಿನ್ನ ಮಂಡಿನೋವು ಹೇಗಿದೆ? ಹುಳಿಯಾರು ಸಂತೆಯಲ್ಲಿ ನಿನ್ನನ್ನು ಕಂಡವರು ಕೋಲು ಹಿಡಿದು ನಡೆಯುತ್ತಿದ್ದೀಯ ಎಂದರು. ಅಂಗಡಿಯಲ್ಲಿ ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂತರೆ ಇನ್ನೇನಾಗುತ್ತದೆ? ಒಂದು ಸ್ಟೂಲು ಹಾಕಿಕೊಂಡು ಕೂರು. ಸ್ಟೂಲು ಬೇಕಿದ್ದರೆ ಹೇಳಿಕಳಿಸು, ಈಗ ನಾನೇ ಮಾಡಿಕೊಡಬಲ್ಲೆ. ನಗಬೇಡ, ಅದನ್ನು ಹೇಳಲೆಂದೇ ಕೂತಿದ್ದೇನೆ. ಇಲ್ಲಿ ನನ್ನ ಹೆಂಡತಿ ಸುವರ್ಣ ನನ್ನನ್ನು ಬೈದುಕೊಂಡು ಆರೋಗ್ಯವಾಗಿದ್ದಾಳೆ. ತೋಟದಲ್ಲಿ ಈ ಸಲ ಹೊಂಬಾಳೆ ಚೆನ್ನಾಗಿ ಬಂದಿದೆ, ನಿನ್ನ ಪಾಲಿನ ಮರಗಳಲ್ಲೂ ಬಂದಿದೆ. ದಾಟಿ ಹೋಗುವಾಗ ಕಣ್ಣಿಗೆ ಬಿತ್ತು, ಬೇಕೆಂದು ನೋಡಲಿಲ್ಲ.

ಅವ್ವನ ವಿಷಯ ಬರೆಯಬೇಕು. ಬರೆಯಕೂಡದು ಎಂದು ಆಣೆ ಹಾಕಿಸಿದ್ದಳು, ಅದಕ್ಕೇ ಇಷ್ಟು ತಡವಾಯಿತು. ಪಾಲಾದಾಗ ಒಲೆಯ ಮನೆ ನನ್ನ ಕಡೆಗೆ ಬಂತು, ಹಿರಿಯನೆಂದು ದೇವರ ಜಗುಲಿ ನಿನ್ನ ಕಡೆಗೆ ಹೋಯಿತು. ನೀನು ಬೀಗ ಹಾಕಿ ಹುಳಿಯಾರಿಗೆ ಹೊರಟ ದಿನ ಬೀಗದಕೈಯನ್ನು ಮಾತಿಲ್ಲದೆ ಅವಳ ಕೈಗಿಟ್ಟು ಹೋದೆ. ಅವತ್ತಿನಿಂದ ಎರಡು ಹೊತ್ತೂ ಅವಳು ನನ್ನ ಬಾಗಿಲಿಂದ ಬೀದಿಗಿಳಿದು, ಚರಂಡಿಯ ಚಪ್ಪಡಿ ದಾಟಿ, ನಿನ್ನ ಬಾಗಿಲ ಬೀಗ ತೆಗೆದು, ಜಗುಲಿಗೆ ದೀಪ ಹಚ್ಚಿ ಬರುತ್ತಾಳೆ. ಎಂಬತ್ತೊಂದು ವರ್ಷ, ಕಣ್ಣಿಗೆ ಪೊರೆ ಬೇರೆ. ಸುವರ್ಣ ಜೊತೆಗೆ ಹೊರಟರೆ ಗದರಿಸಿ ಕಳಿಸುತ್ತಾಳೆ. ಗೌರಿಹಬ್ಬ ಕಳೆದ ನಾಲ್ಕನೆಯ ದಿನ ಮಳೆ ಬಂದು ಚಪ್ಪಡಿ ಪಾಚಿಗಟ್ಟಿತ್ತು, ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಬಿದಿರುದಬ್ಬೆ ಕಟ್ಟಿಸಿದೆವು, ಕೂಡಿಕೊಂಡಿತು, ಆದರೆ ಸ್ವಲ್ಪ ಸೊಟ್ಟಗೆ. ಬಿದ್ದವಳು ಎದ್ದು ಮೊದಲು ಕೇಳಿದ್ದು ಎಣ್ಣೆಗಿಂಡಿ ಚೆಲ್ಲಿತಾ ಎಂದು. ಈಗ ಎಡಗೈಯಲ್ಲಿ ಬತ್ತಿ ಹೊಸೆಯುತ್ತಾಳೆ. ಗಾಬರಿಯಾಗಬೇಡ, ಊಟ ನಿದ್ದೆ ಎಲ್ಲ ಸರಿಯಾಗಿದೆ.

ಅವತ್ತು ಅವಳನ್ನು ಎತ್ತಿ ತಂದು ಮಲಗಿಸಿದಾಗ ಆ ಅಡ್ಡಗೋಡೆ ನನ್ನ ಎದುರಿಗೇ ಇತ್ತು. ಅದರಾಚೆ ನಾಲ್ಕು ಹೆಜ್ಜೆಗೆ ಜಗುಲಿ. ಮೊದಲು ಅದು ಎದೆಮಟ್ಟದ ಗೋಡೆಯಾಗಿತ್ತು, ಅತ್ತಿಗೆಯೂ ಸುವರ್ಣಳೂ ಸಾರು ಉಪ್ಪಿನಕಾಯಿಗಳನ್ನು ಅದರ ಮೇಲಿಂದಲೇ ದಾಟಿಸುತ್ತಿದ್ದರು. ಅಟ್ಟದಲ್ಲಿ ಕೊಬ್ಬರಿಗೆಂದು ಒಣಗಲು ಹಾಕಿದ್ದ ನಿನ್ನ ಕಾಯಿ ಉರುಳಿ ನನ್ನ ರಾಶಿಗೆ ಸೇರಿದವು, ನಾನು ಬೇಕೆಂದೇ ಸೇರಿಸಿಕೊಂಡೆ ಎಂದು ಅತ್ತಿಗೆ ಅಂದರಂತೆ. ಅಂದರೋ ಇಲ್ಲವೋ, ಕೇಳಲೂ ಇಲ್ಲ ನಾನು. ಕಾಯಿಗೇನು ಹೆಸರು ಬರೆದಿರುತ್ತದೆಯೇ? ನೀವು ಕಂದಿಕೆರೆಗೆ ಮದುವೆಗೆ ಹೋದ ಎರಡು ದಿನದಲ್ಲಿ ಆಳು ಹಿಡಿದು ಗೋಡೆಯನ್ನು ಅಟ್ಟದವರೆಗೂ ಎತ್ತಿಸಿಬಿಟ್ಟೆ. ಬಂದು ನೋಡಿದ ನೀನು ಕೂಗಾಡಲಿಲ್ಲ. ಯಾರು ಹೇಳಿದ್ದು ಎಂದಷ್ಟೇ ಕೇಳಿದೆ. ಅವ್ವ ಹೇಳಿದಳು ಎಂದೆ ನಾನು. ಹದಿನೈದು ದಿನದೊಳಗೆ ನೀನು ಮನೆ ಖಾಲಿ ಮಾಡಿದೆ, ಮತ್ತೆ ಅವಳ ಮುಖವನ್ನೂ ನೋಡಲು ಬರಲಿಲ್ಲ.

ಅಲ್ಲೊಂದು ಬಾಗಿಲು ಇಟ್ಟರೆ ಅವ್ವ ಬೀದಿಗಿಳಿಯುವುದು ತಪ್ಪುತ್ತದೆ ಎನ್ನಿಸಿ ನಮ್ಮೂರ ಅಣ್ಣಯ್ಯಾಚಾರಿಯ ಹತ್ತಿರ ಹೋದೆ. ಆ ಮನುಷ್ಯ ಬಾಚಿಯನ್ನು ಪಕ್ಕಕ್ಕಿಟ್ಟು, "ಪಾಲಿನ ಗೋಡೆಗೆ ಬಾಗ್ಲು ಇಡಾದು ಅಂದ್ರೆ ಅಣ್ಣತಮ್ಮ ಇಬ್ರ ಕೈಯಿಂದ್ಲೂ ವೀಳ್ಯ ಬರ್ಬೇಕು ಕಣ್ರೀ. ಒಬ್ರ ವೀಳ್ಯ ಇಸ್ಕೊಂಡು ಮಾಡಿ ನಮ್ಮಪ್ಪ ಒದೆ ತಿಂದವ್ನೆ" ಎಂದ. ಎಲೆ ಅಡಿಕೆಗಾಗಿ ನಿನ್ನ ಹತ್ತಿರ ಬರುವ ಮುಖ ನನಗಿರಲಿಲ್ಲ. ನಾನು ಪೀಡಿಸುವುದು ಬಿಡಲಿಲ್ಲ, ಅವನು ಒಪ್ಪಲಿಲ್ಲ. ಕೊನೆಗೆ ಬೇಸರಕ್ಕೋ ಏನೋ, "ಬೇಕಾದ್ರೆ ಕಲ್ತು ನೀವೇ ಮಾಡ್ಕಳಿ, ಆಗ ನನ್ ತಲೆ ಮೇಲೆ ಬರಲ್ಲ" ಎಂದ. ಆಯುಧಪೂಜೆ ಕಳೆದ ಮೇಲೆ ಸೊಸೈಟಿಯ ಹಳೆಯ ಗೋದಾಮಿನಲ್ಲಿ ವಾರಕ್ಕೆರಡು ದಿನ ಅವನು ಮರಗೆಲಸದ ಕ್ಲಾಸು ಶುರುಮಾಡುವವನಿದ್ದ. ತಮಾಷೆಗೆ ಅಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಐವತ್ತೆರಡರ ವಯಸ್ಸಿನಲ್ಲಿ ಉಳಿ ಕೊಡತಿ ಕೊಂಡು ತಂದಾಗ ಸುವರ್ಣ, "ಹೊಸದ್ರಲ್ಲಿ ಅಗ್ಸ ಗೋಣಿ ಎತ್ತೆತ್ತಿ ಒಗೆದ್ನಂತೆ, ಎಷ್ಟು ದಿನವೋ ನೋಡಾನ ಬುಡಿ" ಎಂದಳು.

ಕ್ಲಾಸಿನಲ್ಲಿ ನಾವು ಒಂಬತ್ತು ಜನ. ಎಲ್ಲರೂ ನನಗಿಂತ ಚಿಕ್ಕವರು, ರಂಗಕ್ಕನೊಬ್ಬಳನ್ನು ಬಿಟ್ಟು. ಹೋಟೆಲಿನ ರಂಗಕ್ಕ ಗೊತ್ತಲ್ಲ, ಕೂರುವ ಮಣೆಗಳನ್ನು ತಾನೇ ಮಾಡಿಕೊಳ್ಳುತ್ತೇನೆಂದು ಬಂದಿದ್ದಳು. ಮೊದಲ ತಿಂಗಳು ಆಚಾರಿ ಮರವನ್ನೇ ಮುಟ್ಟಿಸಲಿಲ್ಲ, ಉಳಿ ಮಸೆಯುವುದೇ ಕೆಲಸ. ಮುಂಗೈ ಕೂದಲು ಹೋಗುವಷ್ಟು ಹರಿತವಾಗಬೇಕು. ನನ್ನ ಎರಡೂ ಮುಂಗೈ ಬೋಳಾದವು. ಆಮೇಲೆ ಹಲಸಿನ ಹಲಗೆ ಕೊಟ್ಟು ಮೈ ನಯವಾಗುವಂತೆ ತೋಪಡ ಹೊಡೆಯಲು ಹೇಳಿದ. ನಾನು ಬಲವಾಗಿ ತಳ್ಳಿದೆ, ಸುರುಳಿ ಸುರುಳಿ ಚಕ್ಕೆ ಎದ್ದಿತು, ಭೇಷ್ ಎಂದುಕೊಳ್ಳುವಷ್ಟರಲ್ಲಿ ಒಂದು ಕಡೆ ತೋಪಡ ಕಚ್ಚಿ ನಿಂತು ಅಂಗೈಯಗಲ ಮರ ಕಿತ್ತುಬಂತು. ಮರದಲ್ಲಿ ಗಂಟಿತ್ತು. ನೂರು ಸಲ ತೆಂಗಿನ ಮರ ಸೀಳಿಸಿ ಸೂರಿಗೆ ತೀರು ಮಾಡಿಸಿದ್ದೇವೆ, ಒಂದರಲ್ಲೂ ಗಂಟು ಕಂಡಿಲ್ಲವಲ್ಲ ಎಂದೆ. ಅಣ್ಣಯ್ಯಾಚಾರಿ ಹಣೆ ಚಚ್ಚಿಕೊಂಡು, "ಕೊಂಬೆ ಇದ್ರೆ ತಾನೇ ಗಂಟು? ನೀವು ತೆಂಗಿನ ತ್ವಾಟದೋರು, ನಿಮ್ಗೆ ಮರ ಅಂದ್ರೆ ನೆಟ್ಟ ಕಂಬ" ಎಂದ. ಹುಟ್ಟಿದಾಗಿನಿಂದ ಮರದ ನಡುವೆಯೇ ಬದುಕಿ ಮರವೇ ಗೊತ್ತಿಲ್ಲ ಎನ್ನಿಸಿಕೊಂಡೆ. ಗಂಟಿನ ಹತ್ತಿರ ಬಂದಾಗ ಹಲಗೆ ತಿರುಗಿಸಿಕೊಂಡು ಆ ಕಡೆಯಿಂದ ಮೆಲ್ಲಗೆ ಬರಬೇಕು. ಅದನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಸಂಕ್ರಾಂತಿಯ ಹೊತ್ತಿಗೆ ಬಿತ್ತು. ಬಾಗಿಲುವಾಡಕ್ಕೆಂದು ನಾನೇ ಹೋಗಿ ಒಳ್ಳೆಯ ಹಲಸಿನ ದಿಮ್ಮಿ ಆರಿಸಿ ತಂದು, ಕೊಯ್ಯಿಸಿ, ಎರಡು ನಿಲುವುಗಳನ್ನು ಕೆತ್ತಿದೆ. ಹೊಸ್ತಿಲಿನ ನಾಲಿಗೆ ಕೂರುವ ತೂತನ್ನು ಕೆಳಗೆ, ಮೇಲಡ್ಡದ ತೂತನ್ನು ಮೇಲೆ, ನೂಲಿನಷ್ಟೂ ವ್ಯತ್ಯಾಸವಿಲ್ಲದೆ ಕೊರೆದೆ. ಆಚಾರಿ ಬಂದು ಮೂಲೆಮಟ್ಟ ಹಿಡಿದು ನೋಡಿ ತಲೆಯಾಡಿಸಿದ. ಆಮೇಲೆ ನಿಲುವನ್ನು ಕೈಯಲ್ಲಿ ಸವರಿ, ಇದರ ಬುಡ ಯಾವ ಕಡೆ ಎಂದ. ಇದೇ ಬುಡ, ದಿಮ್ಮಿಯಲ್ಲಿ ಇದೇ ಕಡೆ ದಪ್ಪ ಇತ್ತು, ನಾನೇ ಗುರುತು ಹಾಕಿದ್ದೇನೆ ಎಂದೆ. ಅವನು ನಿಲುವನ್ನು ಹೊರಿಸಿಕೊಂಡು ಹೋಗಿ ಪಂಪುಸೆಟ್ಟಿನ ತೊಟ್ಟಿಯ ನೀರಿಗೆ ಬಿಡಿಸಿದ. ಮರದ ಬುಡ ಯಾವಾಗಲೂ ನೀರಿನಲ್ಲಿ ತುದಿಗಿಂತ ಹೆಚ್ಚು ತಗ್ಗುತ್ತದಂತೆ. ನಾನು ತುದಿ ಅಂದುಕೊಂಡದ್ದು ನೀರಿನಲ್ಲಿ ತಗ್ಗಿತು. ನಾನು ಬುಡ ಎಂದದ್ದು ಆರಾಮವಾಗಿ ತೇಲಿತು. ಹಲಸು ಕವಲೊಡೆಯುವ ಕಡೆ ದಪ್ಪಗಾಗುತ್ತದೆ ಎಂದು ನನಗೇನು ಗೊತ್ತು? ನಮ್ಮ ತೆಂಗಿನಲ್ಲಿ ದಪ್ಪ ಇದ್ದದ್ದೇ ಬುಡ. ವಾಡದ ನಿಲುವು ಮರ ನಿಂತಿದ್ದ ಹಾಗೆಯೇ ನಿಲ್ಲಬೇಕು, ಬುಡ ಕೆಳಗೆ ತುದಿ ಮೇಲೆ, ಇಲ್ಲದಿದ್ದರೆ ಅದನ್ನು ಯಾವ ಆಚಾರಿಯೂ ಮನೆಗೆ ಕೂರಿಸುವುದಿಲ್ಲ. ತಿರುಗಿಸಿ ನಿಲ್ಲಿಸೋಣವೆಂದರೆ ತೂತುಗಳೆಲ್ಲ ಅದಲುಬದಲು. ರಂಗಕ್ಕ, "ಸಾವ್ಕಾರ್ರೇ, ಹಂಗೇ ಇಟ್ಬುಡಿ, ನಾವೆಲ್ಲ ಕೈಯಲ್ಲಿ ನಡ್ಕೊಂಡು ಒಳಕ್ ಬತ್ತೀವಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ, ನಿನ್ನ ಹತ್ತಿರ ಮುಚ್ಚಿಡುವುದೇನು, ಅಳು ಬಂತು ಕಣೋ. ತಿಂಗಳ ಕೆಲಸ ಹಾಳಾಯಿತೆಂದು ಅಲ್ಲ, ಅವ್ವ ಇನ್ನಷ್ಟು ದಿನ ಬೀದಿಗಿಳಿಯಬೇಕಲ್ಲ ಎಂದು. ಮನೆಗೆ ಬಂದಾಗ ಸಂಜೆಯಾಗಿತ್ತು, ಅವ್ವ ಸೊಟ್ಟಗೈಯಲ್ಲಿ ಎಣ್ಣೆಗಿಂಡಿ ಹಿಡಿದು ಚಪ್ಪಡಿಯ ಮೇಲೆ ಕಾಲಿನಿಂದ ತಡಕುತ್ತಾ ದಾಟುತ್ತಿದ್ದಳು.

ಮಾರನೆಯ ದಿನವೇ ಉಳಿದ ಮರದಲ್ಲಿ ಹೊಸದಾಗಿ ಶುರುಮಾಡಿದೆ. ಈ ಸಲ ಗುರುತು ಹಾಕುವ ಮೊದಲೇ ತೊಟ್ಟಿಗೆ ಬಿಟ್ಟು ನೋಡಿದೆ. ಮೊನ್ನೆ ಗುರುವಾರ ವಾಡವೂ ಮುಗಿಯಿತು, ಕದವೂ ಮುಗಿಯಿತು. ಚಿತ್ತಾರ ಏನೂ ಇಲ್ಲ, ನನ್ನ ಕೈಗೆ ಅಷ್ಟೆಲ್ಲ ಬರುವುದಿಲ್ಲ. ಕೆಳಗಿನ ಬಲಮೂಲೆಯಲ್ಲಿ ಕೂಡಿಕೆ ಸ್ವಲ್ಪ ಬಾಯಿಬಿಟ್ಟಿದೆ, ಅಲ್ಲಿ ಚಕ್ಕೆ ತುರುಕಿದ್ದೇನೆ, ನೀನು ಬಂದರೆ ಮೊದಲು ನೋಡುವುದು ಅದನ್ನೇ ಎಂದೂ ಗೊತ್ತು. ಹೊಸ್ತಿಲನ್ನು ತಗ್ಗಾಗಿ ಇಟ್ಟಿದ್ದೇನೆ, ಅವ್ವ ಎಡವದ ಹಾಗೆ. ಅಗುಳಿಯನ್ನು ಎರಡೂ ಕಡೆ ಇಡಬೇಕು, ಪಾಲಿನ ಮನೆ ಎಂದ ಆಚಾರಿ. ನಾನು ನಿನ್ನ ಕಡೆಗೆ ಮಾತ್ರ ಇಟ್ಟಿದ್ದೇನೆ. ನನ್ನ ಕಡೆಯಿಂದ ಮುಚ್ಚಿದ್ದು ಸಾಕು.

ಬಾಗಿಲು ಸದ್ಯಕ್ಕೆ ಗೋಡೆಗೆ ಒರಗಿ ನಿಂತಿದೆ. ಗೋಡೆ ಒಡೆದಿಲ್ಲ. ಅರ್ಧ ಗೋಡೆ ನಿನ್ನದು, ನಿನ್ನನ್ನು ಕೇಳದೆ ಒಂದು ಸಲ ಮುಟ್ಟಿ ಕೆಟ್ಟಿದ್ದೇನೆ, ಇನ್ನೊಂದು ಸಲ ಮುಟ್ಟುವುದಿಲ್ಲ. ಕೂರಿಸುವ ಕೆಲಸ ಒಬ್ಬನದಲ್ಲ, ಅದಕ್ಕೆ ಅಣ್ಣಯ್ಯಾಚಾರಿ ಬೇಕು, ಅವನಿಗೆ ಇಬ್ಬರ ವೀಳ್ಯ ಬೇಕು. ಶಿವರಾತ್ರಿ ಹತ್ತಿರ ಬಂತು. ಅವತ್ತು ಅವ್ವ ಜಾವಜಾವಕ್ಕೂ ಜಗುಲಿಗೆ ಹೋಗಿಬರುವವಳು, ಬೇಡವೆಂದರೆ ಕೇಳುವುದಿಲ್ಲ. ಅಷ್ಟರೊಳಗೆ ಒಂದು ದಿನದ ಮಟ್ಟಿಗಾದರೂ ಬಾ. ನನ್ನ ಜೊತೆ ಮಾತಾಡಬೇಕು ಎಂದೇನೂ ಇಲ್ಲ. ಅತ್ತಿಗೆಗೆ ನಮ್ಮಿಬ್ಬರ ಶರಣು ಹೇಳು. ಕಾಯಿ ಉರುಳಿದವು ಎಂದು ಅವರು ಅಂದಿದ್ದರೂ ತಪ್ಪಲ್ಲ, ಉರುಳಿದ್ದು ನಿಜ ಎಂದೂ ಹೇಳು. ಮಕ್ಕಳನ್ನು ಶಿವ ಚೆನ್ನಾಗಿಟ್ಟಿರಲಿ. ಮಂಡಿಗೆ ಬಿಸಿನೀರು ಹಾಕಿಕೊಳ್ಳುವುದು ಮರೆಯಬೇಡ.

ನಿನ್ನ ತಮ್ಮ,
ಮರುಳಸಿದ್ದಯ್ಯ

ತಾ.ಕ.: ಪಕ್ಕದ ಮನೆಯ ಹುಚ್ಚಣ್ಣ ಹುಳಿಯಾರಿಗೆ ಹೊರಟಿದ್ದಾನೆ, ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ, ಆದ್ದರಿಂದ ಬೇಗ ಬರೆಯುತ್ತೇನೆ. ಗೋಡೆ ಎತ್ತರಿಸು ಎಂದು ಅವ್ವ ಹೇಳಲಿಲ್ಲ ಅಣ್ಣಾ. ನಾನು ಸುಳ್ಳು ಹೇಳಿದೆ. ನೀನು ಬೈಯುತ್ತೀಯೆಂಬ ಹೆದರಿಕೆಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ, ಆಮೇಲೆ ಬಾಯಿಬಿಡಲಾಗಲಿಲ್ಲ. ಗೋಡೆ ಎತ್ತಿದ ಆ ಎರಡು ದಿನ ಅವಳು ಊಟ ಮಾಡಲಿಲ್ಲ. ನಾನು ಹೀಗೆ ಹೇಳಿದ್ದೇನೆಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. "ದೊಡ್ಡೋನು ಯಾಕ್ಲಾ ಬರಲ್ಲ, ಅವನ್ಗೆ ನಾನೇನ್ಲಾ ಮಾಡ್ದೆ" ಎಂದು ನನ್ನನ್ನೇ ಕೇಳುತ್ತಾಳೆ. ಎಷ್ಟೋ ಸಲ ಹೇಳಿಬಿಡೋಣ ಎಂದು ಅವಳ ಮುಂದೆ ಕೂತು ಎದ್ದುಬಂದಿದ್ದೇನೆ. ಒಬ್ಬನಿಗೇ ಧೈರ್ಯ ಸಾಲುವುದಿಲ್ಲ, ಹೇಳುವಾಗ ನೀನು ನನ್ನ ಪಕ್ಕದಲ್ಲಿರಬೇಕು.