ಮೂಗಿನ ಕೆಳಗಿನ ನೀರು

೧೨ ಜನವರಿ ೨೦೨೫, ಭಾನುವಾರ

ಅಪ್ಪನ ಗಡ್ಡ ತೆಗೆದೆ. ಮೀಸೆಗೆ ಕತ್ತರಿ ಮಾತ್ರ. ಬಲಗಡೆ ಬಾಯಿ ಇನ್ನೂ ಸೊಟ್ಟ, ಅಲ್ಲಿ ಬ್ಲೇಡು ಆಡಿಸಲು ಹೆದರಿಕೆ. ದೀಪಾವಳಿಗೆ ಲಕ್ವ ಹೊಡೆದ ಮೇಲೆ ಭಾನುವಾರದ ಈ ಕೆಲಸ ನನ್ನದೇ. ಮುಗಿಸಿ ನಿಗಡಿಯ ಈಜುಕೊಳಕ್ಕೆ ಓಡಿದೆ.

ಇವತ್ತೂ ಮಾಸ್ಕ್ ಸೋರಿತು. ಬೆನ್ನಿಗೆ ಸಿಲಿಂಡರ್, ಬಾಯಲ್ಲಿ ಗಾಳಿಯ ಕೊಳವೆ, ಕಣ್ಣು ಮೂಗು ಮುಚ್ಚುವ ಮಾಸ್ಕ್. ಮೂರು ಮೀಟರ್ ಕೆಳಗೆ ಮಂಡಿಯೂರಿ ಹತ್ತು ನಿಮಿಷ ಸುಮ್ಮನೆ ಇರಬೇಕು, ಅಷ್ಟೇ. ನಾಲ್ಕನೇ ನಿಮಿಷಕ್ಕೆ ಮೂಗಿನ ಕೆಳಗಿಂದ ನೀರು ಸಣ್ಣಗೆ ಒಳಗೆ ಬಂತು. ಮೂಗಿಗೆ ಮುಟ್ಟಿತು. ಎದ್ದು ಮೇಲೆ ಬಂದುಬಿಟ್ಟೆ. ನಲವತ್ತೆರಡು ವರ್ಷದ ಕೋಣ, ಅಂಚು ಹಿಡಿದುಕೊಂಡು ಕೆಮ್ಮುತ್ತಾ…

ಮುಳುಗುವುದನ್ನು ಕಲಿಸುವ ಶ್ರೀನಾಥ್ ಬೆಂಗಳೂರಿನವರು. ಬೈಯುವುದಿಲ್ಲ, ಅದೇ ಕಷ್ಟ.

“ಮಾಂತು, ಪ್ರಾಬ್ಲಮ್ ಮಾಸ್ಕ್‌ದಲ್ಲ, ನಿಮ್ಮ ಮೀಸೆದು. ಮಾಸ್ಕಿನ ಅಂಚು ಚರ್ಮಕ್ಕೆ ಅಂಟ್ಕೋಬೇಕು. ಕೂದಲ ಮೇಲೆ ಕೂತ್ರೆ ಸಂದಿಲಿ ನೀರು ಬಂದೇ ಬರುತ್ತೆ. ತೆಗೆದುಬಿಡಿ.”

“ತಗಿಯಾಕ ಬರಂಗಿಲ್ರಿ ಸರ್.”

“ಯಾಕೆ?”

“ನಮ್ಮಪ್ಪ ಇನ್ನೂ ಅದಾನ್ರಿ.”

ಅವರಿಗೆ ತಿಳಿಯಲಿಲ್ಲ. ನಮ್ಮ ಮನೆತನದಲ್ಲಿ ಮಗ ಮೀಸೆ ತೆಗೆಯುವುದು ಒಂದೇ ದಿನ, ಅಪ್ಪ ತೀರಿದ ದಿನ. ಅಪ್ಪ ಬದುಕಿರುವಾಗ ತೆಗೆದರೆ ಸಾವನ್ನು ಮನೆಗೆ ಕರೆದ ಹಾಗೆ. ಬಿಡಿಸಿ ಹೇಳಿದೆ. ಬೇರೆ ದಾರಿ ನೋಡೋಣ, ಟೆಸ್ಟು ಫೆಬ್ರವರಿ ಒಂಬತ್ತಕ್ಕೆ ಅಂದರು.

೧೪ ಜನವರಿ, ಸಂಕ್ರಾಂತಿ

ರಜೆ. ಎಳ್ಳು ಬೆಲ್ಲ ಹಂಚಿ ಬಂದು ಕೂತಿದ್ದೇನೆ.

ಯಾಕೆ ಇಷ್ಟು ಹಟ ಅಂತ ನೀತಾ ಕೇಳಿದಳು. ಹೆಂಡತಿಗೂ ಸರಿಯಾಗಿ ಹೇಳಲು ಬರಲಿಲ್ಲ. ಇಲ್ಲಿ ಬರೆಯುತ್ತೇನೆ. ನಮ್ಮ ಕಂಪನಿ ಕಾರ್ಖಾನೆಗಳ ನೀರಿನ ಟ್ಯಾಂಕು, ಅಣೆಕಟ್ಟಿನ ಪಂಪಿನ ಬಾವಿ ಎಲ್ಲ ಸ್ವಚ್ಛ ಮಾಡುತ್ತದೆ. ಮುಳುಗುವವರು ಮುಳುಗುತ್ತಾರೆ. ನಾನು ಮೇಲೆ ನಿಂತು ಅವರ ಹಗ್ಗ ಹಿಡಿಯುತ್ತೇನೆ. ಒಂಬತ್ತು ವರ್ಷ. ಮೇಲೆ ಬಂದವರನ್ನು ಪ್ರತಿ ಸಲ ಕೇಳುತ್ತೇನೆ — ಒಳಗೆ ಏನಿದೆ? ಏನಿಲ್ಲ, ರಾಡಿ ಅನ್ನುತ್ತಾರೆ. ಬೀಡಿ ಹಚ್ಚುತ್ತಾರೆ. ಆದರೆ ಅವರ ಮುಖ ನೋಡಿದರೆ ಬರೀ ರಾಡಿ ನೋಡಿ ಬಂದವರ ಹಾಗೆ ಇರುವುದಿಲ್ಲ.

ಈಗ ಇಬ್ಬರು ಬಿಟ್ಟು ಹೋದರು. ಸಾಹೇಬರು ನನ್ನನ್ನು ಕರೆದು, ಪಾಸಾದರೆ ಮಾರ್ಚ್‌ನಿಂದ ನೀನು ಇಳಿ, ಇಲ್ಲದಿದ್ದರೆ ಮುಂಬಯಿಯಿಂದ ಜನ ತರಿಸುತ್ತೇನೆ ಅಂದರು. ಎರಡನೇ ಸಲ ಕೇಳುವ ಮನುಷ್ಯ ಅಲ್ಲ. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ಮೇಲೇ ನಿಲ್ಲಬೇಕು.

೧೯ ಜನವರಿ, ಭಾನುವಾರ

ಮಾಸ್ಕಿನ ಪಟ್ಟಿ ಜಗ್ಗಿ ಬಿಗಿದೆ. ಹಣೆಗೆ, ಕೆನ್ನೆಗೆ ಉಂಗುರದ ಗುರುತು ಬಿತ್ತು. ಸೋರುವುದು ಹೆಚ್ಚಾಯಿತು. ಬಿಗಿದಷ್ಟೂ ಅಂಚು ಮಡಚಿಕೊಳ್ಳುತ್ತದಂತೆ.

ಆಮೇಲೆ ಕದ್ದು ವ್ಯಾಸಲೀನ್ ಬಳಿದುಕೊಂಡೆ. ಶ್ರೀನಾಥ್ ಮೂಸಿಯೇ ಹಿಡಿದರು. “ಅದು ಮಾಸ್ಕ್‌ನೇ ತಿಂದುಹಾಕುತ್ತೆ, ಮಾಂತು.” ತಮ್ಮ ಡಬ್ಬಿಯಿಂದ ಬೇರೆ ಏನೋ ಜಿಡ್ಡು ಕೊಟ್ಟರು. ಆರು ನಿಮಿಷ ತಡೆಯಿತು. ಏಳಕ್ಕೆ ಮತ್ತೆ ನೀರು, ಮತ್ತೆ ನಾನು ಮೇಲೆ.

ಕೊನೆಗೆ ಅವರೇ ದಾರಿ ಹೇಳಿದರು. “ಪೂರ್ತಿ ಬೇಡ. ಮೂಗಿನ ಕೆಳಗೆ, ಅರ್ಧ ಬೆರಳಗಲ ಒಂದು ಪಟ್ಟಿ ಮಾತ್ರ ತೆಗೀರಿ. ಅಂಚು ಅಲ್ಲಿ ಕೂರುತ್ತೆ. ಮೀಸೆನೂ ಉಳಿಯುತ್ತೆ.”

ಎಷ್ಟು ಹಗುರಾಯಿತು ಅಂದರೆ, ಬೈಕ್ ಮೇಲೆ ಬರುತ್ತಾ ಹಾಡು ಹೇಳಿಕೊಂಡೆ.

೨೫ ಜನವರಿ, ಶನಿವಾರ

ನೀತಾ ಕನ್ನಡಿ ಹಿಡಿದಳು. ಪಟ್ಟಿ ತೆಗೆದೆ. ಎಡಗಡೆ ತುಸು ಜಾಸ್ತಿ ಹೋಯಿತು. ಸಮ ಮಾಡಲು ಬಲಗಡೆ. ಮತ್ತೆ ಎಡಗಡೆ. ಕೊನೆಗೆ ತುಟಿಯ ಮೇಲೆ ಇರುವೆ ಸಾಲು ಹೋದ ಹಾಗೆ ಒಂದು ಗೆರೆ. ನೀತಾಗೆ ನಗು ತಡೆಯಲಾಗಲಿಲ್ಲ. “ಇದನ್ನಿಟ್ಕೊಂಡು ಹೊರಗ ಹೋಗಬ್ಯಾಡ್ರಿ,” ಅಂದಳು. ಅದನ್ನೂ ತೆಗೆದೆ. ಆಗ ಅವಳ ನಗು ನಿಂತಿತು.

ಕೈ ತಪ್ಪಿತು ಅಂದೆ ಅವಳಿಗೆ. ಇಲ್ಲಿ ಸುಳ್ಳು ಯಾಕೆ, ಇದನ್ನು ಯಾರೂ ಓದುವುದಿಲ್ಲ. ಕೈ ತಪ್ಪಲಿಲ್ಲ. ಮೊದಲ ಸಲ ಬ್ಲೇಡು ಇಟ್ಟಾಗಲೇ ಮನಸ್ಸಿನಲ್ಲಿ ಪೂರ್ತಿ ತೆಗೆದಾಗಿತ್ತು.

ಅವ್ವ ನೋಡಿದಳು. ಅಪ್ಪ ಮಲಗಿದ್ದರು. ಅವರ ಮುಖಕ್ಕೆ ಸೆರಗು ಅಡ್ಡ ಹಿಡಿದಳು, ನಾನು ಕಾಣದ ಹಾಗೆ.

“ಅವ್ರಿನ್ನಾ ಉಸಿರಾಡಾಕತ್ತಾರ, ಮಾಂತು.”

ಅಷ್ಟೇ ಅಂದಿದ್ದು. ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡು ಒಳಗೆ ಹೋದಳು. ಕೊರೋನಾ ಕಾಲದ ಬಟ್ಟೆ ಮಾಸ್ಕ್ ಹುಡುಕಿ ಹಾಕಿಕೊಂಡೆ. ಅಪ್ಪ ಎದ್ದು ಕೇಳಿದರೆ ನೆಗಡಿ ಅನ್ನುವುದು.

೨೬ ಜನವರಿ, ಭಾನುವಾರ, ರಾತ್ರಿ ೮

ಹತ್ತು ನಿಮಿಷ. ಒಂದು ಹನಿ ಬರಲಿಲ್ಲ.

ಬೆಳಿಗ್ಗೆ ಇಷ್ಟೇ ಬರೆದು ನಿಲ್ಲಿಸಬೇಕಿತ್ತು. ದಿನ ಅಲ್ಲಿಗೇ ಮುಗಿಯಬೇಕಿತ್ತು.

ಕೊಳದಿಂದ ಬರುವಾಗ ಗಾಡಿ ಚಹಾ ಕುಡಿಯಲು ಬಟ್ಟೆ ಮಾಸ್ಕ್ ಇಳಿಸಿದೆ. ನಮ್ಮ ಹಾಗೇ ಅಫಜಲಪುರ ಕಡೆಯಿಂದ ಈ ಮರಾಠಿ ಊರಿಗೆ ಬಂದ ಶರಣಮ್ಮ, ಹಿಂದಿನ ಗಲ್ಲಿಯವಳು, ಸೊಪ್ಪಿನ ಬುಟ್ಟಿ ಹೊತ್ತು ಹೊರಟಿದ್ದಳು. ನನ್ನ ತುಟಿ ನೋಡಿದಳು. ಬಾಯಿ ಮೇಲೆ ಕೈ ಇಟ್ಟುಕೊಂಡು ಸರಸರ ಹೋದಳು. ಹತ್ತು ನಿಮಿಷದ ಗುಂಗಿನಲ್ಲಿದ್ದ ನನಗೆ ಏನೂ ಹೊಳೆಯಲಿಲ್ಲ. ಹಲ್ಲುನೋವು ಇರಬೇಕು ಅಂದುಕೊಂಡೆ.

ಐದು ಗಂಟೆಗೆ ಮೆಟ್ಟಿಲ ಮೇಲೆ ಅಳು. ಶರಣಮ್ಮ, ಜೊತೆಗೆ ನಾಲ್ಕು ಹೆಂಗಸರು. ತಲೆಯ ಮೇಲೆ ಬುತ್ತಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ರೊಟ್ಟಿ, ಬ್ಯಾಳಿ, ಅನ್ನ ಕಟ್ಟಿಕೊಂಡು ಬಂದಿದ್ದರು. “ಶಿವಪುತ್ರಪ್ಪಣ್ಣಾ, ಹೆಂಗ ಬಿಟ್ಟು ಹೋದ್ಯೋ…” ಅಂತ ಅಳುತ್ತಲೇ ಬಾಗಿಲು ದೂಡಿದಳು.

ಅಪ್ಪ ದಿಂಬಿಗೆ ಒರಗಿ ಕೂತಿದ್ದರು. ಅವ್ವ ಬಸಿಯಲ್ಲಿ ಚಹಾ ಕುಡಿಸುತ್ತಿದ್ದಳು.

ಶರಣಮ್ಮ ಬುತ್ತಿ ನೆಲಕ್ಕೆ ಇಳಿಸಿದಳು. ನಾನು ಗಡಿಬಿಡಿಯಲ್ಲಿ ಎದ್ದು ಬಂದವನು, ಬಟ್ಟೆ ಮಾಸ್ಕ್ ಹಾಕಿಕೊಂಡಿರಲಿಲ್ಲ.

ಅಪ್ಪನಿಗೆ ಈಗ ಒಂದೊಂದು ಮಾತೂ ಹೊರೆ. “ಯಾರು… ಹೋದ್ರು?”

ಬುತ್ತಿ ನೋಡಿದರು, ಹೆಂಗಸರನ್ನು ನೋಡಿದರು, ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

“ನಾನಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಶರಣಮ್ಮ ಬುತ್ತಿ ಎತ್ತಿಕೊಂಡು ಹಿಂದೆ ಸರಿದಳು. ಅಪ್ಪ ಎಡಗೈ ಎತ್ತಿ ತಡೆದರು.

“ತಂದ ಬುತ್ತಿ ತಿರುಗಿ ಒಯ್ಯಬಾರದು. ಬಡಸ್ರಿ.”

ಅರ್ಧ ರೊಟ್ಟಿ, ಬ್ಯಾಳಿಯಲ್ಲಿ ನೆನೆಸಿ, ಪೂರ್ತಿ ತಿಂದರು. ದೀಪಾವಳಿಯಿಂದ ಇಷ್ಟು ತಿಂದಿರಲಿಲ್ಲ. ಶರಣಮ್ಮ ಈಗ ನಿಜವಾಗಿ ಅಳುತ್ತಿದ್ದಳು. ಅವಳ ಕಡೆ ತಿರುಗಿ, “ಬ್ಯಾಳಿಗೆ ಉಪ್ಪು ಕಡಿಮಿ ಆಗೇದ, ತಂಗಿ,” ಅಂದರು.

ಅವ್ವ ಆ ರೊಟ್ಟಿ ಮುಟ್ಟಲಿಲ್ಲ.

೨೭ ಜನವರಿ, ಬೆಳಿಗ್ಗೆ ೬

ಅಪ್ಪ ಹತ್ತಿರ ಕರೆದರು. ಎಡಗೈ ಬೆರಳು ನನ್ನ ತುಟಿಯ ಮೇಲೆ ಆಡಿಸಿದರು. ಅವರು ಗೌಂಡಿ ಕೆಲಸದವರು, ಪ್ಲಾಸ್ಟರ್ ನುಣುಪಾಗಿದೆಯೋ ಇಲ್ಲವೋ ಹೀಗೇ ನೋಡುತ್ತಿದ್ದರು.

“ಕೈ ತಪ್ಪಿಲ್ಲಪ್ಪ,” ಅಂದೆ. “ಬೇಕಂತಲೇ ತಗದೀನಿ. ನೀರಾಗ ಇಳೀಬೇಕಾಗಿತ್ತು.”

“ಏನದ… ಒಳಗ?”

ಒಂಬತ್ತು ವರ್ಷ ನಾನು ಕೇಳಿದ ಪ್ರಶ್ನೆ ನನಗೇ ಬಂತು. ಹೇಳಿದೆ. ಕೊಳದಲ್ಲಿ ಏನೂ ಇಲ್ಲಪ್ಪ, ನೀಲಿ ಟೈಲ್ಸು, ಮೇಲಿನಿಂದ ಇಳಿಯುವ ಬೆಳಕು. ನನ್ನ ಉಸಿರಿನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳ ಇಲ್ಲ. ಯಾರೂ ಕರೆಯುವುದಿಲ್ಲ. ಹೆದರಿಕೆ ಇರುತ್ತದೆ, ಆಮೇಲೆ ಇರುವುದಿಲ್ಲ.

ಕಣ್ಣು ಮುಚ್ಚಿ ಕೇಳಿಸಿಕೊಂಡರು. ನಿದ್ದೆ ಹತ್ತಿತು ಅಂದುಕೊಂಡು ಏಳುವಾಗ ಅಂದರು —

“ನಾ ಹೋದ ದಿನ… ನೀ ಹೆಂಗ ಕಾಣ್ತಿ ಅಂತ… ನೋಡಿದೆ. ಯಾವ ಅಪ್ಪಗ ಸಿಗ್ತದ ಇದು.”

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

೯ ಫೆಬ್ರವರಿ, ಭಾನುವಾರ

ಪಾಸ್.

ಶ್ರೀನಾಥ್ ಬೇಕೆಂದೇ ನನ್ನ ಮಾಸ್ಕ್ ಒಳಗೆ ನೀರು ತುಂಬಿಸಿದರು. ಅದೂ ಟೆಸ್ಟಿನ ಭಾಗವಂತೆ. ಮೇಲೆ ಏಳಲಿಲ್ಲ. ತಲೆ ಎತ್ತಿ, ಮಾಸ್ಕಿನ ಮೇಲಂಚು ಒತ್ತಿ ಹಿಡಿದು, ಮೂಗಿನಿಂದ ನಿಧಾನ ಊದಿದೆ. ನೀರು ಕೆಳಗಿಂದ ಹೊರಟುಹೋಯಿತು. ಆಮೇಲೆ ಅವರು ಒಂದು ಮಾತು ಹೇಳಿದರು, ಅದೇ ತಲೆಯಲ್ಲಿ ಕೊರೆಯುತ್ತಿದೆ. “ಈಗ ನಿಮಗೆ ಮೀಸೆ ಇದ್ರೂ ನಡೆಯುತ್ತೆ, ಮಾಂತು. ಒಂಚೂರು ಸೋರುತ್ತೆ, ಊದಿ ಹಾಕ್ತೀರ. ನಿಮಗೆ ತೊಂದರೆ ಕೊಡ್ತಿದ್ದದ್ದು ಭಯ.”

ಮೊದಲೇ ಹೇಳಿದ್ದರೆ? ಹೇಳಿದ್ದರೂ ನಂಬುತ್ತಿರಲಿಲ್ಲ. ಮೀಸೆಯ ಮೇಲೆ ಹೊರಿಸುವುದು ಸುಲಭ ಇತ್ತು.

ಅಪ್ಪನಿಗೆ ಪಾಸಾದೆ ಅಂದೆ. ಹೆಬ್ಬೆರಳು ಎತ್ತಿದರು. ಅವ್ವ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಊಟಕ್ಕೆ ಬಾ ಅನ್ನುವುದನ್ನೂ ನೀತಾಳ ಕೈಲಿ ಹೇಳಿಸುತ್ತಾಳೆ.

ಇವತ್ತಿನಿಂದ ಬ್ಲೇಡು ಮುಟ್ಟುವುದಿಲ್ಲ. ಮೀಸೆ ಬರಲಿ. ಬೇಗ ಬರಲಿ.

೧೩ ಫೆಬ್ರವರಿ

ಅಪ್ಪನಿಗೆ ಜ್ವರ. ಕಫ. ಡಾಕ್ಟರು ಮಾತ್ರೆ ಬದಲಿಸಿದರು.

೧೬ ಫೆಬ್ರವರಿ, ಭಾನುವಾರ

ಗಡ್ಡ ತೆಗೆಯಲು ಕೂತೆ. ಬೇಡ ಅಂತ ತಲೆ ಅಲ್ಲಾಡಿಸಿದರು.

೨೩ ಫೆಬ್ರವರಿ, ಭಾನುವಾರ

ಅಪ್ಪ ಗುರುವಾರ ಬೆಳಿಗ್ಗೆ ಹೋದರು.

ಅವತ್ತೇ ಕೆಳಗೆ ಪಾರ್ಕಿಂಗ್‌ನಲ್ಲಿ ಕೂಡಿಸಿದರು ನನ್ನನ್ನು. ಕ್ಷೌರದವನು ತಲೆ ಮುಗಿಸಿ ಗಲ್ಲ ಹಿಡಿದು ಎತ್ತಿದ. ಹನ್ನೊಂದು ದಿನದ ಕೂದಲು, ಎಣಿಸಿದರೆ ಸಿಗುವಷ್ಟು. “ಇಥೆ ಕಾಯ ಕಾಢೂ?” ಅಂದ, ಇಲ್ಲಿ ಏನಂತ ತೆಗೆಯಲಿ ಎಂದು. ಸುತ್ತ ನಮ್ಮ ಮಂದಿ ನಿಂತಿದ್ದರು. ಅಪ್ಪನಿಗೆ ಅಂತ ಇಪ್ಪತ್ತು ವರ್ಷ ಬೆಳೆಸಿದ್ದನ್ನು ಈಜುಕೊಳಕ್ಕೆ ಕೊಟ್ಟು ಖಾಲಿ ಮುಖ ಹೊತ್ತು ಕೂತಿದ್ದೆ. ತಲೆ ಎತ್ತಲು ಆಗಲಿಲ್ಲ.

ಹೆಂಗಸರ ನಡುವಿನಿಂದ ಅವ್ವನ ಧ್ವನಿ ಬಂತು.

“ಅವ್ರು ನೋಡ್ಯಾರ, ಮಾಂತು. ಇದ್ದಷ್ಟು ಕೊಡು.”

ಇಪ್ಪತ್ತಾರು ದಿನಗಳ ಮೇಲೆ ನನ್ನ ಹೆಸರು ಹಿಡಿದು ಕರೆದಳು. ಆಗ ಅತ್ತುಬಿಟ್ಟೆ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಸಾಹೇಬರ ಫೋನ್ ಬಂದಿತ್ತು. ಸೂತಕ ಮುಗಿದ ಮೇಲೆ ಇಳಿಯುತ್ತೀಯಾ ಅಂತ. ಇಳಿಯುತ್ತೇನೆ ಅಂದೆ. ಇನ್ನು ಮೇಲೆ ಮೀಸೆ ದಿನಾ ಬೇಕಾದರೂ ತೆಗೆಯಬಹುದು. ಬೇಡ ಅನ್ನಲು ಈಗ ಅಪ್ಪ ಇಲ್ಲ.