ಮೂತಿಗೆ ಒಂದು ಗೇಣು ಹೆಚ್ಚು

ಫೆಬ್ರವರಿ 2, ಭಾನುವಾರ, ಬೆಳಿಗ್ಗೆ 6.20

ಎಡರೆಕ್ಕೆಯ ಸಂದು ಮೂರನೇ ಸಲ ಉಜ್ಜಿದೆ. ಮೊದಲು ನಾನೂರರ ಎಮರಿ ಪೇಪರ್, ಆಮೇಲೆ ಎಂಟುನೂರರದ್ದು, ನೀರು ಹಚ್ಚಿ. ಇನ್ನೂ ಕೂದಲೆಳೆಯಷ್ಟು ಗೆರೆ. ಮತ್ತೆ ಪುಟ್ಟಿ. ಒಣಗಲಿ.

ಮಾದರಿ ವಿಮಾನ ಕಟ್ಟುವವರ ಕ್ಲಬ್ಬಿನ ಸ್ಪರ್ಧೆಗೆ ಸರಿಯಾಗಿ ನಾಲ್ಕು ವಾರ. ಹೋದ ವರ್ಷದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ತೀರ್ಪುಗಾರ ಮಿಲಿಮೀಟರ್ — ಹೆಸರು ನಾನಿಟ್ಟದ್ದಲ್ಲ, ಇಡೀ ಕ್ಲಬ್ಬೇ ಕರೆಯುವುದು — ನನ್ನ ವಿಮಾನದ ಬಾಲಕ್ಕೆ ಕ್ಯಾಲಿಪರ್ ಹಿಡಿದು, "ಒಂದು ಮಿಲಿಮೀಟರ್ ಎತ್ತರ ಜಾಸ್ತಿ ಮೇಡಂ. ಹಲ್ಲು ಕಟ್ಟೋದು ಬೇರೆ, ವಿಮಾನ ಕಟ್ಟೋದು ಬೇರೆ" ಎಂದ. ಮೂವತ್ತು ಜನ ನಕ್ಕರು. ಇಪ್ಪತ್ತೆರಡು ವರ್ಷದಿಂದ ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಕಟ್ಟುತ್ತಿದ್ದೇನೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ಹೆಚ್ಚಾದರೆ ರೋಗಿ ಕಚ್ಚಲಾರ. ಅಳತೆಯ ಪಾಠ ನನಗೆ!

ಈ ಸಲ ಅದಕ್ಕೇ ಬೇಕೆಂದು ನಮ್ಮ ಸರ್ಕಲ್ಲಿನ ವಿಮಾನದ ಪ್ಲಾಸ್ಟಿಕ್ ಕಿಟ್ಟೇ ತೆಗೆದುಕೊಂಡೆ. ಕಂಬದ ಮೇಲೆ ಮೂವತ್ತೆಂಟು ವರ್ಷದಿಂದ ನಿಂತಿರುವ ಜೆಟ್ ಫೈಟರ್. ಕಿಟ್ಟಿನದು ನಿಜವಾದದ್ದರ ನಲವತ್ತೆಂಟನೇ ಒಂದು ಅಳತೆ. ಊರಿಗೆಲ್ಲ ಗೊತ್ತಿರುವ ವಿಮಾನ, ಯಾವನಾದರೂ ಕೊಂಕು ತೆಗೆಯಲಿ ನೋಡೋಣ.

ಅಪ್ಪ ಚಹಾದ ಲೋಟ ಹಿಡಿದು ಬಂದು ಹಿಂದೆ ನಿಂತರು. ತುಂಬಾ ಹೊತ್ತು ನೋಡಿದರು. "ಮೂತಿ ಗಿಡ್ಡ ಆಯ್ತು" ಅಂದರು. ಹೋದರು.

ಕೇಳಿದೆನೇ ನಾನು?

ಫೆಬ್ರವರಿ 4, ಮಧ್ಯಾಹ್ನ, ಲ್ಯಾಬ್

ಬೆಳಿಗ್ಗೆ ಮತ್ತೆ ಅದೇ. "ಮೂತಿ ನೋಡ್ದಾ?" ಅಂದರು. "ಕಂಪನಿಯೋರು ಅಳತೆ ತಗೊಂಡೇ ಮಾಡಿರ್ತಾರೆ ಅಪ್ಪಾ" ಅಂದೆ. "ಇರಬಹುದು. ಆದ್ರೂ ಗಿಡ್ಡ."

ಎಪ್ಪತ್ತಾರು ವರ್ಷ. ಬಕೆಟ್ಟು, ಪೀಪಾಯಿ, ಮಳೆನೀರಿನ ಕೊಳವೆ ಮಾಡಿಕೊಂಡಿದ್ದ ತಗಡಿನ ಕೆಲಸಗಾರ. ಕೆಲಸ ಬಿಟ್ಟು ಹನ್ನೆರಡು ವರ್ಷವಾದರೂ ಮನೆಯ ಎಲ್ಲ ಡಬ್ಬದ ಮುಚ್ಚಳಕ್ಕೂ ಅವರ ಅಭಿಪ್ರಾಯ ಬೇಕು. ಈಗ ಫೈಟರ್ ಜೆಟ್ಟಿಗೂ! ಇವರ ಮಾತು ನಂಬಿ ಚಿಕ್ಕವಳಿದ್ದಾಗ ಒಮ್ಮೆ ಎಲ್ಲರ ಮುಂದೆ ಮರ್ಯಾದೆ ಕಳೆದುಕೊಂಡಿದ್ದೇನೆ. ಸಾಕು.

ಸರ್ಕಲ್ಲಿನಲ್ಲಿ ವಿಮಾನಕ್ಕೆ ಹೊಸ ಬಣ್ಣ ಹೊಡೆಯುತ್ತಿದ್ದಾರೆ. ಸುತ್ತ ಸಾರುವೆ ಕಟ್ಟಿದ್ದಾರೆ. ಭಾನುವಾರ ಹತ್ತಿ ಅಳೆದು ಅವರ ಬಾಯಿಗೆ ಬೀಗ ಹಾಕುತ್ತೇನೆ.

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 11

ಹತ್ತಿದೆ. ಪೇಂಟರ್ ಒಳ್ಳೆಯವನು, "ಬಿದ್ರೆ ನಾನು ನೋಡಿಲ್ಲ ಅಂತೀನಿ ಅಕ್ಕಾ" ಅಂತ ಹೇಳಿ ಏಣಿ ಹಿಡಿದ. ಬುಡದ ಜೋಡಣೆ ಗೆರೆಯಿಂದ ಮೂತಿಯ ತುದಿಗೆ ಟೇಪ್ ಹಿಡಿದೆ. ನೂರ ಎಪ್ಪತ್ತೆಂಟು ಸೆಂಟಿಮೀಟರ್. ಮೂರು ಸಲ ಅಳೆದೆ.

ಮನೆಗೆ ಬಂದು ಕಿಟ್ಟಿನದು ಅಳೆದು ನಲವತ್ತೆಂಟರಿಂದ ಗುಣಿಸಿದೆ. ನೂರ ಐವತ್ತಾರು.

ಇಪ್ಪತ್ತೆರಡು ಸೆಂಟಿಮೀಟರ್ ಕಮ್ಮಿ! ಮಾದರಿಯಲ್ಲಿ ನಾಲ್ಕೂವರೆ ಮಿಲಿಮೀಟರಿಗೂ ಮೇಲೆ. ಹೋದ ವರ್ಷ ಒಂದಕ್ಕೇ ಮಾನ ಹರಾಜು ಹಾಕಿದವರು.

ಅಂದರೆ ಅಪ್ಪ ಹೇಳಿದ್ದೇ ಸರಿ. ಅದನ್ನು ಅವರಿಗೆ ಹೇಳಲಿಲ್ಲ. ಅಳತೆ ತಪ್ಪಿದ್ದಕ್ಕಿಂತ ಇದೇ ಹೆಚ್ಚು ಉರಿಯುತ್ತಿದೆ.

ಫೆಬ್ರವರಿ 10, ಸಂಜೆ 6

ಕಿಟ್ ಕಂಪನಿಗೆ ಪತ್ರ ಬರೆದೆ. ಎರಡು ಪುಟ. ಮೊದಲ ಪುಟದಲ್ಲಿ ಅಳತೆ, ಎರಡನೆಯದರಲ್ಲಿ ಬೈಗುಳ. ಕ್ಲಬ್ಬಿನ ಗ್ರೂಪಿಗೂ ಹಾಕಿದೆ, ಟೇಪಿನ ಫೋಟೊ ಸಮೇತ.

ಆಮೇಲೆ ಗರಗಸ ತೆಗೆದು ಮೂತಿ ಕತ್ತರಿಸಿಯೇಬಿಟ್ಟೆ. ಮಧ್ಯಕ್ಕೆ ಪ್ಲಾಸ್ಟಿಕ್ ಹಾಳೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿದೆ. ಸುತ್ತ ಪುಟ್ಟಿ. ಇನ್ನು ಉಜ್ಜುವುದು. ಬುಡ ದಪ್ಪ, ತುದಿ ಚೂಪು, ನಡುವೆ ಎಲ್ಲೂ ಉಬ್ಬು ಕಾಣಬಾರದು. ಕೋರೆಹಲ್ಲು ಕೆತ್ತುವ ಕೆಲಸವೇ, ಬೇರೆ ಏನಲ್ಲ.

ಸಿಟ್ಟಿನಲ್ಲಿ ಕೈ ಎಷ್ಟು ಸ್ಥಿರವಾಗಿರುತ್ತದೆ ನನಗೆ!

ಫೆಬ್ರವರಿ 15, ಸಂಜೆ 4, ಲ್ಯಾಬ್

ಐದು ದಿನ ಬರೆಯಲಿಲ್ಲ. ಉಜ್ಜಿದ್ದೇ ಉಜ್ಜಿದ್ದು. ನಿನ್ನೆ ಮುಗಿಯಿತು. ಜೋಡಣೆ ನನಗೇ ಕಾಣುವುದಿಲ್ಲ. ಅದರ ಫೋಟೊವನ್ನೂ ಗ್ರೂಪಿಗೆ ಹಾಕಿದೆ.

ಈಗ ಮಿಲಿಮೀಟರ್ ಫೋನ್ ಮಾಡಿದ್ದ. ಮನುಷ್ಯ ಮೂವತ್ತು ವರ್ಷ ಇಂಥದೇ ವಿಮಾನಗಳ ರಿಪೇರಿ ಶೆಡ್ಡಿನಲ್ಲಿದ್ದವನು. "ಕಿಟ್ ಸರಿಯಾಗೇ ಇದೆ ಮೇಡಂ. ನಿಮ್ಮ ಸರ್ಕಲ್ಲಿನದೇ ತಪ್ಪು."

"ನಾನು ಟೇಪ್ ಹಿಡಿದು ಅಳೆದಿದ್ದೀನಿ ಸಾರ್."

"ಅಳೆದಿರಿ. ತಟ್ಟಿ ನೋಡಿದ್ರಾ? ಮೂತಿ ಒಳಗೆ ರಾಡಾರ್ ಇರುತ್ತೆ. ಅದಕ್ಕೇ ನಿಜವಾದ ಮೂತಿ ಫೈಬರ್‌ದು. ಅಲ್ಲಿರೋದು ಲೋಹ. ಲೋಹ ಹಾಕಿದ್ರೆ ರಾಡಾರಿಗೆ ಕಣ್ಣು ಕಟ್ಟಿದ ಹಾಗೆ. ಯಾವನೋ ಲೋಕಲ್ ಆಸಾಮಿ ಕೈಯಲ್ಲಿ ಬಡಿದು ಕೂರಿಸಿದ್ದಾನೆ. ನೀವು ಅದನ್ನೇ ಅಳೆದು ಕಂಪನಿಗೆ ಬೈದಿದ್ದೀರಿ."

ನಕ್ಕ. ಗ್ರೂಪಿನಲ್ಲಿ ಆಗಲೇ ಹನ್ನೊಂದು ಜನ ನಕ್ಕಿದ್ದಾರೆ, ಹಳದಿ ಮುಖದ ಬೊಂಬೆಗಳು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬೆರಳಿನಿಂದ ಒಂದೇ ಸಲ ತಟ್ಟಿದ್ದರೆ ಗೊತ್ತಾಗುತ್ತಿತ್ತು. ಅಷ್ಟು ದಪ್ಪ ಬಣ್ಣ ಬಳಿದಿದ್ದರು...

ಸುಮ್ಮನೆ ಕೂರಲಿಲ್ಲ. ಸರ್ಕಲ್ ನೋಡಿಕೊಳ್ಳುವ ಉದ್ಯಾನ ಕಚೇರಿಗೆ ಇಲ್ಲಿಂದಲೇ ಪತ್ರ ಕಳಿಸಿದೆ. "ಯಾವನೋ ಅರೆಬರೆ ಕೆಲಸಗಾರ ಮಾಡಿದ ನಕಲಿ ಮೂತಿಯನ್ನು ಮೂವತ್ತೆಂಟು ವರ್ಷ ಕಂಬದ ಮೇಲಿಟ್ಟು ಊರಿನ ಕಣ್ಣಿಗೆ ಮಣ್ಣೆರಚಿದ್ದೀರಿ. ಅದನ್ನು ಕೂಡಲೇ ಕಿತ್ತು ಸರಿಯಾದ ಅಳತೆಯದು ಹಾಕಿ." ಸರಿಯಾದ ಅಳತೆ ಸೆಂಟಿಮೀಟರ್ ಸಮೇತ ಬರೆದೆ. ಹೆಸರು, ವಿಳಾಸ, ಸಹಿ. ಕಳಿಸಿದ ಮೇಲೆ ಉಸಿರು ಸಲೀಸಾಯಿತು.

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ 9

ಹೇಗೆ ಬರೆಯಲಿ?

ತಿಂಡಿಯ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಗೆದ್ದವಳ ದನಿಯಲ್ಲೇ ಹೇಳಿದೆ. "ಮೂತಿ ಗಿಡ್ಡ, ಮೂತಿ ಗಿಡ್ಡ ಅಂತ ಪ್ರಾಣ ತಿಂದ್ರಲ್ಲ, ಸರ್ಕಲ್ಲಲ್ಲಿರೋ ಮೂತಿಯೇ ನಕಲಿ ಅಂತೆ. ವಿಮಾನದ್ದೇ ಅಲ್ಲ."

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೌದು. ಅದು ನಾನು ಮಾಡಿದ್ದು. ನಿನಗೆ ಹೇಳಿದ್ನಲ್ಲ."

ಹೇಳಿದ್ದರು. ನಾಲ್ಕನೇ ಕ್ಲಾಸಿನಲ್ಲಿದ್ದೆ. ಟೀಚರ್ ನಮ್ಮನ್ನೆಲ್ಲ ಸಾಲಾಗಿ ಹೊಸ ವಿಮಾನ ನೋಡಲು ಕರೆದುಕೊಂಡು ಹೋಗಿದ್ದರು. "ಅದರ ಮೂತಿ ನಮ್ಮಪ್ಪ ಮಾಡಿದ್ದು ಮಿಸ್" ಅಂದೆ. "ಬಕೆಟ್ ರಿಪೇರಿ ಮಾಡೋರು ವಿಮಾನ ಮಾಡ್ತಾರಾ?" ಅಂದರು. ಇಡೀ ಸಾಲು ನಕ್ಕಿತು. ಶಾಲೆ ಬಿಡುವವರೆಗೂ ನನ್ನ ಹೆಸರು ‘ಮೂತಿ’. ಅವತ್ತು ಅಳುತ್ತ ಅಂಗಡಿಗೆ ಓಡಿ ಬಂದು, ಗಿರಾಕಿಗಳ ಮುಂದೆಯೇ, "ನೀನು ಸುಳ್ಳುಗಾರ" ಅಂದೆ. ಅಪ್ಪ ಸುತ್ತಿಗೆ ಕೆಳಗಿಟ್ಟರು. ಆಮೇಲೆ ಎಂದೂ ಅದರ ಸುದ್ದಿ ಎತ್ತಲಿಲ್ಲ.

ಆ ಮಾತನ್ನು ಸುಳ್ಳೆಂದು ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಮುಚ್ಚಿಟ್ಟಿದ್ದೆನೆಂದರೆ ನಿನ್ನೆ ಮಿಲಿಮೀಟರ್ ಹೇಳಿದಾಗಲೂ ಅದು ನಿಜವಿರಬಹುದೆಂದು ಹೊಳೆಯಲಿಲ್ಲ.

ಇವತ್ತು ಬಿಡಿಸಿ ಕೇಳಿದೆ. ಕ್ರೇನಿನಲ್ಲಿ ಎತ್ತುವಾಗ ಹಗ್ಗ ಜಾರಿ ಮೂತಿ ಕಂಬಕ್ಕೆ ಬಡಿದು ಚೂರಾಯಿತಂತೆ. ಮೂರು ದಿನಕ್ಕೆ ಉದ್ಘಾಟನೆ. ಗುತ್ತಿಗೆದಾರ ಅಪ್ಪನ ಅಂಗಡಿಗೆ ಓಡಿ ಬಂದ.

"ಚೂರುಗಳನ್ನ ನೆಲದ ಮೇಲೆ ಜೋಡಿಸಿ ಅಳತೆ ತಗೊಂಡೆ. ಮೊದಲು ಆ ಅಳತೆಗೇ ಮಾಡಿದ್ದು. ಮೇಲೆ ಕೂರಿಸಿ ಕೆಳಗೆ ನಿಂತು ನೋಡ್ತೀನಿ, ಮೊಂಡಾಗಿ ಕಾಣ್ತಿದೆ. ಅಷ್ಟೆತ್ತರದಲ್ಲಿ ಇಟ್ರೆ ಉದ್ದ ಕಾಣಲ್ಲ. ಇಳಿಸಿ, ಬಿಚ್ಚಿ, ಒಂದು ಗೇಣು ಸೇರಿಸಿದೆ. ಕೆಳಗಿಂದ ನೋಡೋರಿಗೆ ತಾನೆ ಅದನ್ನ ಅಲ್ಲಿಟ್ಟಿರೋದು?"

ಅವರ ಕೈ ಎಳೆದು ಮೇಜಿನ ಮೇಲಿಟ್ಟು ಬೆರಳು ಅಗಲಿಸಿದೆ. ಸ್ಕೇಲ್ ಹಿಡಿದೆ. ಹೆಬ್ಬೆರಳಿನಿಂದ ಕಿರುಬೆರಳಿಗೆ ಇಪ್ಪತ್ತೆರಡು.

ಅರೆಬರೆ ಕೆಲಸಗಾರ ಎಂದು ಬರೆದಿದ್ದೇನೆ. ಸಹಿ ಹಾಕಿದ್ದೇನೆ. ಇವರು ಮಾಡಿದ ಬಕೆಟ್ಟುಗಳೆಲ್ಲ ತುಕ್ಕು ಹಿಡಿದು ಗುಜರಿಗೆ ಹೋದವು. ಉಳಿದಿರುವುದು ಅದೊಂದೇ.

ಪತ್ರದ ವಿಷಯ ಅಪ್ಪನಿಗೆ ಹೇಳಲಿಲ್ಲ. ನಾಳೆ ವಾಪಸ್ ತೆಗೆದುಕೊಳ್ಳುತ್ತೇನೆ.

ಫೆಬ್ರವರಿ 20, ಮಧ್ಯಾಹ್ನ 2

ಮೂರು ದಿನ ಅಲೆಸಿದ ಮೇಲೆ ಇವತ್ತು ಉದ್ಯಾನ ಕಚೇರಿಯ ಎಂಜಿನಿಯರ್ ಸಿಕ್ಕ. ನನ್ನನ್ನು ಕಂಡು ಎದ್ದು ನಿಂತ. "ನಿಮ್ಮಂಥ ನಾಗರಿಕರು ಬೇಕು ಮೇಡಂ!" ಪತ್ರವನ್ನು ಗುಮಾಸ್ತನಿಗೆ ಗಟ್ಟಿಯಾಗಿ ಓದಿ ಹೇಳಿದ. "ಅರೆಬರೆ ಕೆಲಸಗಾರ, ಆಹಾ, ಸರಿಯಾಗಿ ಬರೆದಿದ್ದೀರಿ."

ನಮ್ಮ ಬೀದಿಯ ದೀಪ ಕೆಟ್ಟು ಏಳು ತಿಂಗಳು. ಎಷ್ಟು ಅರ್ಜಿ ಕೊಟ್ಟರೂ ಕೈ ಹಾಕದವರು ನನ್ನ ಬೈಗುಳಕ್ಕೆ ಮಾತ್ರ ಮೈಮುರಿದು ಎದ್ದಿದ್ದಾರೆ. ಫೈಬರ್ ಮೂತಿಗೆ ಹೇಳಿಯಾಗಿದೆ, ನಾನು ಕೊಟ್ಟ ಅಳತೆಗೇ. ಇಪ್ಪತ್ತೇಳಕ್ಕೆ ಹಳೆಯದು ಬಿಚ್ಚಿ ಗುಜರಿಗೆ.

"ಅದು ನನ್ನ ಅಪ್ಪ ಮಾಡಿದ್ದು" ಅಂದೆ.

ಎಂಜಿನಿಯರ್ ಗುಮಾಸ್ತನ ಕಡೆ ನೋಡಿದ. "ದಾಖಲೆ ಏನಾದ್ರೂ...?"

"ಇಲ್ಲ. ಕೆಲಸ ಗುತ್ತಿಗೆದಾರನ ಹೆಸರಲ್ಲಿತ್ತು. ಅವನು ತೀರಿಹೋಗಿ ಬಹಳ ವರ್ಷ ಆಯ್ತು" ಅಂದ ಗುಮಾಸ್ತ.

"ಹಾಗಾದ್ರೆ ಮಾಡಿದವರೇ ಬಂದು ಹೇಳಲಿ, ಬರೆದುಕೊಡಲಿ. ಮೇಲಿನವರಿಗೆ ಹೇಳಿ ನೋಡ್ತೀನಿ."

ಆಯಿತು. ನಾಳೆಯೇ ಕರೆದುಕೊಂಡು ಬರುತ್ತೇನೆ. ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ, ಪತ್ರವನ್ನೂ ಓದಿದೆ. ಬೈಯಲಿ ಎಂದು ಕಾದೆ. "ಅಕ್ಷರ ಚೆನ್ನಾಗಿ ಬರೀತೀಯ ನೀನು" ಅಂದರು. ಇದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಒಳ್ಳೆಯದಿತ್ತು.

ಫೆಬ್ರವರಿ 21, ಮಧ್ಯಾಹ್ನ 1.30

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಚೇರಿಗೆ ಬಂದರು. ಎಂಜಿನಿಯರ್ ಕುರ್ಚಿ ಕೊಟ್ಟ, ನೀರು ಕೊಟ್ಟ, ಮರ್ಯಾದೆಯಿಂದಲೇ ಕೇಳಿದ. "ಯಜಮಾನ್ರೇ, ಸರ್ಕಲ್ ವಿಮಾನದ ಮೂತಿ ನೀವೇ ಮಾಡಿದ್ದಾ?"

ಅಪ್ಪ ಕಿಟಕಿ ನೋಡಿದರು. "ಇಲ್ಲ ಸಾರ್. ನಾನು ಬಕೆಟ್ ಕೆಲಸದವನು. ಇವಳಿಗೆ ಯಾರೋ ಏನೋ ಹೇಳಿದ್ದಾರೆ."

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ನಾನು ಹೇಗೆ ಹೊರಗೆ ಬಂದೆನೋ. ಬಸ್ ಸ್ಟಾಪಿನಲ್ಲಿ ಕಿರುಚಿದೆ, ಜನ ತಿರುಗಿ ನೋಡಿದರು. "ಯಾಕಪ್ಪಾ ಹಾಗಂದ್ರಿ? ಒಂದು ಮಾತು ಹೌದು ಅಂದಿದ್ರೆ ಏನು ಗಂಟು ಹೋಗ್ತಿತ್ತು? ಅಲ್ಲಿ ನನ್ನನ್ನ ಸುಳ್ಳಿ ಮಾಡಿ ಕೂರಿಸಿದ್ರಲ್ಲ!"

ಅಪ್ಪ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. "ಹೌದು ಅಂದ್ರೆ ಸಾಕ್ಷಿ ಕೇಳ್ತಾರೆ. ಸಾಕ್ಷಿ ಇಲ್ಲ. ಆಗ ಅವರು ನನ್ನನ್ನ ನೋಡಿ ನಗ್ತಾರೆ, ನಗಲಿ. ಆದ್ರೆ ನೀನು ಪಕ್ಕದಲ್ಲೇ ಕೂತಿದ್ದೆ. ಅವತ್ತು ಅಂಗಡಿಗೆ ಓಡಿ ಬಂದ್ಯಲ್ಲ, ಆ ಮುಖ... ಇನ್ನೊಂದು ಸಲ ಅದನ್ನ ನೋಡೋದು ನನ್ನ ಕೈಲಾಗಲ್ಲ ಮಗಳೇ."

ಬಸ್ಸು ಬಂತು. ಹತ್ತಿದೆವು. ಇಬ್ಬರಿಗೂ ಬೇರೆಬೇರೆ ಕಡೆ ಸೀಟು ಸಿಕ್ಕಿತು, ಒಳ್ಳೆಯದಾಯಿತು.

ಫೆಬ್ರವರಿ 24, ಬೆಳಿಗ್ಗೆ 7

ಮಿಲಿಮೀಟರ್ ಫೋನ್. ಈ ಸಲ ಮೆತ್ತಗೆ. "ನನ್ನ ಹತ್ರ ಅದೇ ಕಿಟ್ಟಿನ ಇನ್ನೊಂದು ಮೂತಿ ಇದೆ ಮೇಡಂ, ಕೊಡ್ತೀನಿ. ಬದಲಾಯಿಸಿಬಿಡಿ. ಉಳಿದ ಕೆಲಸ ಅಚ್ಚುಕಟ್ಟಾಗಿದೆ, ಮೊದಲ ಬಹುಮಾನ ನಿಮ್ಮದೇ."

ಬೇಡ ಅಂದೆ.

"ಹಾಗೇ ತಂದ್ರೆ ಅಳತೆಯ ಅಂಕ ಪೂರ್ತಿ ಕತ್ತರಿಸಬೇಕಾಗುತ್ತೆ."

"ಕತ್ತರಿಸಿ ಸಾರ್. ಬುಡದವರೆಗೂ ಕತ್ತರಿಸಿ."

ಬೆಳ್ಳಿ ಬಣ್ಣ ಎರಡನೇ ಕೋಟು ಹೊಡೆದೆ. ಬಣ್ಣ ಒಣಗುವ ತನಕ ಅತ್ತೆ. ಸಿಟ್ಟಿಗೇ ಅತ್ತದ್ದು.

ಫೆಬ್ರವರಿ 27, ಬೆಳಿಗ್ಗೆ 8.40

ಹತ್ತಕ್ಕೆ ಬಿಚ್ಚುತ್ತಾರೆ. ಲ್ಯಾಬಿಗೆ ರಜೆ ಹೇಳಿದೆ. ಒಬ್ಬಳೇ ಹೋಗುವುದೆಂದಿದ್ದೆ. ನೋಡಿದರೆ ಅಪ್ಪ ಗಡ್ಡ ಹೆರೆದುಕೊಂಡು ಸಿದ್ಧರಾಗಿದ್ದಾರೆ.

"ನೀವ್ಯಾಕೆ ಅಪ್ಪಾ?"

"ಅದನ್ನ ಬಿಚ್ಚೋ ಕ್ರಮ ಅವರಿಗೆ ಗೊತ್ತಿಲ್ಲ. ಒಳಗಡೆ ಒಂದು ಪಟ್ಟಿ ಇದೆ, ಹನ್ನೆರಡು ರಿವೆಟ್ಟು. ಎಡಗಡೆಯಿಂದ ಶುರು ಮಾಡಬೇಕು. ಇಲ್ಲಾಂದ್ರೆ ಸುತ್ತಿಗೆಯಲ್ಲಿ ಬಡಿದು ನುಗ್ಗುನುರಿ ಮಾಡ್ತಾರೆ."

"ನಿಮಗೆ ಹೇಗೆ ಗೊತ್ತು ಅಂತ ಕೇಳಿದ್ರೆ?"

ಚೀಲಕ್ಕೆ ಉಳಿ ಹಾಕಿಕೊಂಡರು, ತಗಡು ಕತ್ತರಿ ಹಾಕಿಕೊಂಡರು. "ನೀನು ಮಾತ್ರ ಅಲ್ಲಿ ಬಾಯಿ ಬಿಡಬೇಡ" ಅಂದರು. ಹೂಂ ಅಂದೆ.

ಸುಳ್ಳು ಹೇಳಿದೆ. ಬಿಡುತ್ತೇನೆ ಬಾಯಿ. ಎಂಜಿನಿಯರ್ ಇರಲಿ, ಆ ಗುಮಾಸ್ತ ಇರಲಿ, ರಸ್ತೆಯಲ್ಲಿ ನಿಂತು ನೋಡುವ ಇಡೀ ಊರಿರಲಿ. ಮೂತಿ ಉಳಿಯುವುದಿಲ್ಲ, ಗೊತ್ತು, ನಾನೇ ಕೈಯಾರೆ ಕಿತ್ತಿದ್ದೇನೆ. ಆದರೆ ಮಾಡಿದವರು ಯಾರೆಂದು ಹೇಳದೆ ಅದು ಕೆಳಗಿಳಿಯಬಾರದು. ಸಾಕ್ಷಿ ಕೇಳಲಿ. ನಗಲಿ, ಹೊಟ್ಟೆ ಹಿಡಿದುಕೊಂಡು ನಗಲಿ. ನಾನು ಓಡುವುದಿಲ್ಲ ಈ ಸಲ. ಅಪ್ಪನ ಪಕ್ಕದಲ್ಲೇ ನಿಂತುಕೊಂಡು, ಅವರು ನನ್ನ ಮುಖ ನೋಡಿದರೆ ನೋಡಲಿ ಎಂದು, ಗಟ್ಟಿಯಾಗಿ —

ಬಸ್ಸಿಗೆ ಹೊತ್ತಾಯಿತು. ಅಪ್ಪ ಆಗಲೇ ಮೆಟ್ಟಿಲಿಳಿದು ಹೊರಟರು.