ವೇದಿಕೆಯ ಹಿಂದಿನ ಪಾತಿ

ಅಕ್ಟೋಬರ್ 27, ಸೋಮವಾರ, ಬೆಳಿಗ್ಗೆ

ಎಂದಿನಂತೆ ಮೊದಲು ಪಾತಿ, ಆಮೇಲೆ ಚಹಾ. ಬಿಳಿ ಸೇವಂತಿಗೆಯ ಮೊಗ್ಗು ಬಟಾಣಿ ಗಾತ್ರಕ್ಕೆ ಬಂದಿದೆ. ತಿಂಗಳುಗಟ್ಟಲೆ ಚಿಗುರು ಚಿವುಟಿ ಚಿವುಟಿ ಹೂವನ್ನು ತಡೆದು ಹಿಡಿದದ್ದು ನವೆಂಬರ್ 22ರ ಆ ಒಂದು ಶನಿವಾರಕ್ಕಾಗಿ. ಈ ಬಂಗಲೆಯಲ್ಲಿ ನಡೆಯುವ ಮೊದಲ ಮದುವೆ. ಶನಿವಾರ, ಭಾನುವಾರ ಇಡೀ ಎಸ್ಟೇಟು ಮದುವೆಯವರದೇ.

ಇರುವೆ ನನಗಿಂತ ಮುಂಚೆಯೇ ಬಂದು ಪಾತಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ತೋಟಗಾರಿಕೆ ಶಾಲೆಯ ನನ್ನ ಕೊನೆಯ ತರಗತಿಯ ಹುಡುಗಿ. ಸದಾ ಏನಾದರೊಂದು ಹೊತ್ತುಕೊಂಡೇ ತಿರುಗುತ್ತಿದ್ದರಿಂದ ಆ ಹೆಸರು. ನಿವೃತ್ತನಾಗಿ ಈ ತೋಟ ವಹಿಸಿಕೊಂಡಾಗ ಅವಳನ್ನೂ ಕರೆತಂದೆ. ಸದ್ಯಕ್ಕೆ ಹಂಗಾಮಿ. ಮದುವೆಗೆ ತೋಟ ಕಣ್ಣಿಗೆ ಹಬ್ಬವಾದರೆ ಖಾಯಂ ಮಾಡುವುದಾಗಿ ಯಜಮಾನರು ನನ್ನೆದುರೇ ಮಾತು ಕೊಟ್ಟಿದ್ದಾರೆ. ನರ್ಸರಿಯ ಪಕ್ಕದ ಕೋಣೆಗೆ ತಾಯಿಯನ್ನು ಕರೆತರುವ ಆಸೆ ಅವಳದು.

"ಮೇಷ್ಟ್ರೇ, ಇದು ಇನ್ನೂ ಕಣ್ಣೇ ಬಿಟ್ಟಿಲ್ವಲ್ಲ."

"ಬಿಡತ್ತೆ ಕಣಮ್ಮ. ಕ್ಯಾಲೆಂಡರ್ ನಮಗಿಂತ ಅದಕ್ಕೇ ಚೆನ್ನಾಗಿ ಗೊತ್ತು."

"ಮೆಲ್ಲಗೆ ಹೇಳಿ. ಕೇಳಿಸಿಕೊಂಡ್ರೆ ಕೊಬ್ಬಿಬಿಡತ್ತೆ."

ಇಂಥ ಮಕ್ಕಳಿಗೆ ಒಂದು ಹಿಡಿ ಮಣ್ಣು ಕೊಟ್ಟರೆ ಸಾಕು. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ನವೆಂಬರ್ 3, ಸೋಮವಾರ

ಮದುವೆ ಒಂದು ವಾರ ಮೊದಲೇ ಅಂತೆ. 15ಕ್ಕೆ. ಕಾರಣ — 22ರಂದು ಫೋಟೋಗ್ರಾಫರಿಗೆ ಬಿಡುವಿಲ್ಲ. ನೆಂಟರು ಬದಲಾಗಬಹುದು, ಫೋಟೋಗ್ರಾಫರ್ ಬದಲಾಗುವಂತಿಲ್ಲ.

ಯಜಮಾನರು ಕಾರಿನ ಬಾಗಿಲು ಹಿಡಿದು ನಿಂತೇ ಕೇಳಿದರು. "ಹೂವು ರೆಡಿ ಇರತ್ತಲ್ಲ ಮೇಷ್ಟ್ರೇ? ಇಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇರೆ ಏರ್ಪಾಡು ಮಾಡ್ತೀನಿ."

ಇರುವೆ ಪಕ್ಕದಲ್ಲೇ ಇದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

"ಇರತ್ತೆ" ಎಂದೆ.

ಅಸಾಧ್ಯವೇನಲ್ಲ... ಬಿಸಿಲು ಚುರುಕಾಗಿ, ರಾತ್ರಿ ಪ್ಲಾಸ್ಟಿಕ್ ಹೊದಿಸಿ ಬೆಚ್ಚಗಿಟ್ಟರೆ — ಯಾಕಾಗಬಾರದು?

ನವೆಂಬರ್ 9, ಭಾನುವಾರ

ಮೋಡ. ಮತ್ತೆ ಮೋಡ. ಪ್ಲಾಸ್ಟಿಕ್ ಸಾಲಲಿಲ್ಲವೆಂದು ಇರುವೆ ತಾನು ಹೊದೆಯುವ ಕಂಬಳಿಯನ್ನೇ ತಂದು, ಮದುವೆಯ ವೇದಿಕೆ ಬರುವ ಜಾಗದ ಹಿಂದಿನ ಪಾತಿಗೆ ಹೊದಿಸಿದ್ದಾಳೆ.

"ಅಮ್ಮ ಪಾತ್ರೆಪಗಡಿ ಎಲ್ಲಾ ಕಟ್ಟಿಡ್ತಿದ್ದಾಳಂತೆ ಮೇಷ್ಟ್ರೇ. ಈಗಲೇ ಬೇಡ ಅನ್ನಲಾ?"

"ಕಟ್ಟಲಿ ಬಿಡು" ಎಂದೆ.

ನವೆಂಬರ್ 14, ಶುಕ್ರವಾರ, ಸಂಜೆ

ಮೊಗ್ಗಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳುಪು. ಅಷ್ಟೇ.

ಡೆಕೊರೇಟರ್ ತನ್ನವರನ್ನು ಕರೆದುಕೊಂಡು ಬಂದ. ಸೊಂಟದ ಮೇಲೆ ಕೈಯಿಟ್ಟು ಪಾತಿ ನೋಡಿದ. "ಏನ್ ಸಾರ್, ಮದುವೆಮನೇಲಿ ಸೊಪ್ಪಿನ ವ್ಯಾಪಾರನಾ?" ಅವನ ಕಡೆಯವರೆಲ್ಲ ನಕ್ಕರು. ಯಜಮಾನರು ನಗಲಿಲ್ಲ. ಪಾತಿ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಡೆಕೊರೇಟರ್ ನನ್ನತ್ತ ತಿರುಗಿದ. "ತಲೆ ಕೆಡಿಸ್ಕೋಬೇಡಿ. ಬಟ್ಟೆ ಹೂವು ತಂದಿದ್ದೀನಿ. ತಂತಿಗೆ ಸಿಕ್ಕಿಸಿ ಚುಚ್ಚಿದ್ರೆ ದೇವರಿಗೂ ಗೊತ್ತಾಗಲ್ಲ. ಈ ಮೊಗ್ಗು ಮಾತ್ರ ಕಟ್ ಮಾಡಿಸಿ. ಫೋಟೋದಲ್ಲಿ ಕಡ್ಡಿ ಕಡ್ಡಿ ಕಾಣತ್ತೆ."

ನಾನು ಅಲುಗಲಿಲ್ಲ. ಇರುವೆ ಸೊಂಟದಿಂದ ಕತ್ತರಿ ತೆಗೆದಳು — ಶಾಲೆ ಮುಗಿದ ದಿನ ನಾನು ಕೊಟ್ಟಿದ್ದ ಕತ್ತರಿ. ಬಗ್ಗಿದಳು. ಸಾಲು ಸಾಲಾಗಿ ಕತ್ತರಿಸುತ್ತ ಹೋದಳು. ನಾನು ಕಲಿಸಿದಂತೆಯೇ, ಗಿಣ್ಣಿನ ಮೇಲೆ, ಓರೆಯಾಗಿ. ಒಂದೂ ಸೀಳಲಿಲ್ಲ.

ವೇದಿಕೆಯ ಹಿಂದಿನ ಪಾತಿಗೆ ಬಂದಾಗ ಡೆಕೊರೇಟರ್ ತಡೆದ. "ಅದು ಬಿಡಮ್ಮ. ಕ್ಯಾಮೆರಾ ಅಲ್ಲಿಗೆ ಬರಲ್ಲ."

ನವೆಂಬರ್ 15, ಶನಿವಾರ

ಮದುವೆ ಚೆನ್ನಾಗಿಯೇ ಆಯಿತು. ಹುಲ್ಲಿನ ಮೇಲೆ ಬಿಳಿ ಕುರ್ಚಿಗಳು, ಫೋಟೋಗ್ರಾಫರ್ ಹೇಳಿದಾಗಲೆಲ್ಲ ನಗುವ ವರ. ವಧು ಬಗ್ಗಿ ಹೂವು ಮೂಸಿ "ಅಯ್ಯೋ, ವಾಸನೇನೇ ಇಲ್ಲ!" ಎಂದು ಕಿಲಕಿಲ ನಕ್ಕಳು. ಫೋಟೋಗ್ರಾಫರ್ ಅದನ್ನೇ ಇನ್ನೊಮ್ಮೆ ಮಾಡಿಸಿದ.

ಯಾರದೋ ಅತ್ತೆ ನನ್ನ ಕೈ ಹಿಡಿದುಕೊಂಡರು. "ಎಷ್ಟು ಚೆನ್ನಾಗಿ ಬೆಳೆಸಿದ್ದೀರಪ್ಪ! ನಮ್ಮನೇಲಿ ಹೀಗೆ ಬರೋದೇ ಇಲ್ಲ."

ನಮಸ್ಕಾರ ಮಾಡಿದೆ. ಇನ್ನೇನು ಮಾಡಲಿ?

ನವೆಂಬರ್ 17, ಸೋಮವಾರ

ಯಜಮಾನರು ಖುಷಿಯಲ್ಲಿದ್ದಾರೆ. ಇನ್ನು ಪ್ರತಿ ವಾರಾಂತ್ಯವೂ ಮದುವೆಯಂತೆ. ಪಾತಿಗಳನ್ನು ಮುಚ್ಚಿ ಪ್ಲಾಸ್ಟಿಕ್ ಹುಲ್ಲು ಹಾಸುತ್ತಾರೆ. "ನೀವು ಇರಿ ಮೇಷ್ಟ್ರೇ, ಗೇಟಿನ ಹತ್ರ ನಾಲ್ಕು ಕುಂಡ ನೋಡ್ಕೊಂಡು. ಹುಡುಗಿ ಬೇಕಾಗಲ್ಲ."

ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಇರುವೆ ನನ್ನ ಕೋಣೆಗೆ ಬಂದಳು. ಡೆಕೊರೇಟರ್ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾನೆ. ಖಾಯಂ.

"ಅಲ್ಲಿ ಕಾಯೋ ಕೆಲಸ ಇಲ್ಲ ಮೇಷ್ಟ್ರೇ. ಚುಚ್ಚಿದ ತಕ್ಷಣ ಹೂವು."

ನಗಲು ನೋಡಿದೆ. ಅವಳು ನಗಲಿಲ್ಲ.

"ಆಗಲ್ಲ ಅಂತ ಆವತ್ತೇ ಗೊತ್ತಿತ್ತಲ್ವಾ ನಿಮಗೆ?"

"ಆಗಬಹುದಿತ್ತು ಕಣಮ್ಮ. ಬಿಸಿಲು ಬಂದಿದ್ದರೆ..."

"ಆಗಲ್ಲ ಅಂದಿದ್ರೆ ಆವತ್ತೇ ಯಜಮಾನ್ರ ಹತ್ರ ನಾನೇ ಮಾತಾಡ್ತಿದ್ದೆ. ಅಮ್ಮನಿಗೂ ಕಟ್ಟಬೇಡ ಅಂತಿದ್ದೆ. ಈಗ ಊರಲ್ಲಿ ಮನೆ ಬಿಟ್ಟುಕೊಟ್ಟು, ಚಿಕ್ಕಮ್ಮನ ಮನೆ ಪಡಸಾಲೇಲಿ ಗಂಟು ಇಟ್ಕೊಂಡು ಕೂತಿದ್ದಾಳೆ."

ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಡೆಕೊರೇಟರ್ ಹತ್ತಿರ ಬರೀ ತಂತಿ ಕೆಲಸವಂತೆ. ಇಕ್ಕಳ ಕೊಡುತ್ತಾರಂತೆ.

ನವೆಂಬರ್ 22, ಶನಿವಾರ, ಬೆಳಿಗ್ಗೆ

ವೇದಿಕೆಯ ಹಿಂದಿನ ಪಾತಿ ಅರಳಿದೆ.

ಒಂದಲ್ಲ, ಎರಡಲ್ಲ, ಇಡೀ ಸಾಲು. ಎಲೆ ಕಾಣದಷ್ಟು ಬಿಳುಪು. ಲೆಕ್ಕ ತಪ್ಪಿರಲಿಲ್ಲ. ನಾವಿಬ್ಬರೂ ಕೂತು ಎಣಿಸಿದ ದಿನಕ್ಕೇ ಬಂದಿದೆ. ಅವಳ ಕಂಬಳಿ ಇನ್ನೂ ಅಲ್ಲೇ ಅಂಚಿನಲ್ಲಿ, ಇಬ್ಬನಿಯಲ್ಲಿ ತೊಯ್ದು ಬಿದ್ದಿದೆ.

ಫೋನ್ ಮಾಡೋಣವೆಂದು ಕೈಗೆತ್ತಿಕೊಂಡೆ. ಇಟ್ಟೆ. ಮತ್ತೆ ಎತ್ತಿಕೊಂಡೆ.

ಗೇಟಿನಲ್ಲಿ ಹಾರ್ನ್. ಪ್ಲಾಸ್ಟಿಕ್ ಹುಲ್ಲಿನ ಸುರುಳಿ ಹೊತ್ತ ಲಾರಿ. ಕಿಟಕಿಯಿಂದ ಕಾಣುತ್ತಿದೆ — ಮುಂದಿನ ಸೀಟಿನಿಂದ ಇರುವೆ ಇಳಿದಳು. ಕೈಯಲ್ಲಿ ಅಳತೆ ಟೇಪು. ಹೊಸ ಬೂಟು. ಈ ಕಡೆಗೇ ಕೂಗುತ್ತಿದ್ದಾಳೆ, "ಮೇಷ್ಟ್ರೇ, ಅಳತೆ ತಗೋಬೇಕಿತ್ತು. ಎಲ್ಲಿಂದ ಶುರು ಮಾಡ್ಲಿ?" ಧ್ವನಿಯಲ್ಲಿ ಸಿಟ್ಟಿಲ್ಲ. ಗೆಲುವಾಗಿದ್ದಾಳೆ.

ಅವಳಿನ್ನೂ ಆ ಪಾತಿ ನೋಡಿಲ್ಲ.

ಕತ್ತರಿ ಮೇಜಿನ ಮೇಲೇ ಇದೆ. ಅವಳು ವೇದಿಕೆ ಬಳಸಿ ಹಿಂದಕ್ಕೆ ಬರುವ ಮೊದಲೇ ನಾನು ಹೋಗಿ, ಒಂದೂ ಅವಳ ಕಣ್ಣಿಗೆ ಬೀಳದ ಹಾಗೆ ಕತ್ತರಿಸಿಬಿಟ್ಟರೆ —